ಕೊವಾಚ್ ಎಂದವರೆಲ್ಲ ಒಂದೇ ಮನೆತನದವರೇ?

ಧಾರವಾಡದ ಓದುಗರೊಬ್ಬರ ಮಗಳ ಜೊತೆ ಕೆಲಸ ಮಾಡುವ ಹಂಗೇರಿಯವರ ಅಡ್ಡಹೆಸರು ‘ಕೊವಾಚ್’. ಉತ್ತರ ಕರ್ನಾಟಕದ ‘ಕಮ್ಮಾರ’ದಂತೆ ಇದೂ ಕುಲ ಹೇಳುತ್ತದೆಯೇ, ಪದದ ಮೂಲ ಸ್ಲಾವಿಕ್ (ರಷ್ಯನ್, ಪೋಲಿಷ್ ಮೊದಲಾದ ಭಾಷೆಗಳ ಬಳಗ) ಆದ್ದರಿಂದ ಅವರ ಹಿರಿಯರೂ ಸ್ಲಾವ್ ಜನರೇ ಎಂದು ಆ ಓದುಗರು ಕೇಳಿದ್ದಾರೆ.

ಅರ್ಥ ಕಮ್ಮಾರನೆಂದೇ. ಆದರೆ ಅದರಿಂದ ಕುಲವೂ ತಿಳಿಯದು, ಜನಾಂಗವೂ ತಿಳಿಯದು. ಸ್ಲಾವಿಕ್ ಮೂಲದ ಈ ಪದ ಅಡ್ಡಹೆಸರುಗಳು ನೆಲೆಯಾಗುವ ಮೊದಲೇ ಹಂಗೇರಿಯನ್ ಭಾಷೆಯೊಳಗೆ ಬೆರೆತಿತ್ತು. ಅಲ್ಲಿ ಇಂದಿಗೂ ಕಮ್ಮಾರನಿಗೆ ಇದೇ ಮಾತು. ಹಂಗೇರಿಯ ಮೊದಲ ರಾಜವಂಶವಾದ ಅರ್ಪಾದ್ ವಂಶದ ಅರಸರ ಕಾಲದಲ್ಲಿ ಅರಮನೆಗೆ ಕಬ್ಬಿಣದ ಕೆಲಸ ಮಾಡಿಕೊಡುತ್ತಿದ್ದವರ ಊರುಗಳಿಗೆ ‘ಕೊವಾಚಿ’ ಎಂದು ಹೆಸರಾಯಿತು. ಬುಡಾಪೆಸ್ಟ್ ಪಕ್ಕದ ನಾಜ್‌ಕೊವಾಚಿ ಆ ನೆನಪನ್ನು ಇನ್ನೂ ಹೊತ್ತಿದೆ. ಮುಂದೆ ಅಡ್ಡಹೆಸರು ತಂದೆಯಿಂದ ಮಕ್ಕಳಿಗೆ ಇಳಿಯತೊಡಗಿದಾಗ ಊರೂರಿನ ಕಮ್ಮಾರನ ಮಕ್ಕಳು ಬೇರೆಬೇರೆಯಾಗಿಯೇ ಕೊವಾಚರಾದರು. ಇದು ಇಷ್ಟು ವ್ಯಾಪಕವಾಗಿರುವುದಕ್ಕೆ ಕಾರಣ ಅದು. ಜನಾಂಗ ಸೂಚಿಸುವ ಹೆಸರುಗಳೇ ಬೇರೆ: ಹೊರ್ವಾತ್ ಕ್ರೊಯೇಷಿಯದವನು, ನೇಮೆತ್ ಜರ್ಮನ್.

ಇನ್ನೊಂದು ತೊಡಕಿದೆ. 19ನೇ ಶತಮಾನದಲ್ಲಿ ಹೆಸರನ್ನು ಹಂಗೇರಿಯನ್ ಮಾಡಿಕೊಳ್ಳುವ ಒತ್ತಾಸೆ ಬಲವಾಯಿತು. 1881ರಲ್ಲಿ ಹೆಸರು ಬದಲಾವಣೆಯ ಶುಲ್ಕ 5 ಫೊರಿಂಟ್‌ನಿಂದ (ಅಂದಿನ ಹಣ) ಅರ್ಧ ಫೊರಿಂಟ್‌ಗೆ ಇಳಿಯಿತು. ಕಮ್ಮಾರನೆಂದೇ ಅರ್ಥವಿರುವ ಜರ್ಮನ್ ಅಡ್ಡಹೆಸರು ‘ಷ್ಮಿಟ್’ ಕೊವಾಚ್ ಆಗುವುದು ಆಗ ಸುಲಭ.

ಆ ಸಹೋದ್ಯೋಗಿ ತಮ್ಮ ವಂಶ ಹುಡುಕುವುದಾದರೆ ಹೆಸರಿನಿಂದ ಶುರು ಮಾಡಬಾರದು; ಅಜ್ಜನ ಹುಟ್ಟೂರು ಮತ್ತು ಮತಪಂಥ ಮೊದಲು ಬೇಕು. ಸರ್ಕಾರಿ ಜನನ–ಮರಣ ನೋಂದಣಿ ಶುರುವಾದದ್ದು 1895ರ ಅಕ್ಟೋಬರ್ 1ರಂದು. ಅದಕ್ಕೂ ಹಿಂದಿನದು ಚರ್ಚುಗಳ ದಾಖಲೆ. ಕ್ಯಾಥೊಲಿಕ್, ಕ್ಯಾಲ್ವಿನ್‌ಪಂಥೀಯ, ಲೂಥರನ್ ಪುಸ್ತಕಗಳು ಬೇರೆಬೇರೆ. ಪಂಥ ತಪ್ಪಿದರೆ ಊರು ಸರಿಯಿದ್ದರೂ ಕೈಗೆ ಏನೂ ಸಿಗದು. ಹಳೆಯ ಕೈಬರಹದಲ್ಲಿ ಕೊನೆಯ ‘ಚ್’ ಧ್ವನಿಯನ್ನು ಹಲವು ಬಗೆಯಲ್ಲಿ ಬರೆದಿರುತ್ತಾರೆ. ಒಂದೇ ಕಾಗುಣಿತ ಹಿಡಿದು ಹುಡುಕಿದವರಿಗೆ ಅರ್ಧ ಕುಟುಂಬ ತಪ್ಪಿಹೋಗುತ್ತದೆ. ಹಿಂದೆ ಹಂಗೇರಿಗೆ ಸೇರಿದ್ದು ಇಂದು ಸ್ಲೊವಾಕಿಯದಲ್ಲಿರುವ ಊರಾದರೆ ಹೆಂಗಸರ ಹೆಸರು ‘ಕೊವಾಚೊವಾ’ ಎಂದಿರಬಹುದು.

ಹಂಗೇರಿಯಲ್ಲಿ ಅಡ್ಡಹೆಸರು ಮೊದಲು: ಯಾನೊಶ್ ಎಂಬವನು ‘ಕೊವಾಚ್ ಯಾನೊಶ್’. ಅವನ ಹೆಂಡತಿ ಹಳೆಯ ರೂಢಿಯಂತೆ ‘ಕೊವಾಚ್ ಯಾನೊಶ್‌ನೇ’. ಆ ‘ನೇ’ ಕಂಡಲ್ಲಿ ಅದು ಗಂಡನ ಹೆಸರೆಂದು ತಿಳಿದು, ಆಕೆಯ ತವರಿನ ಹೆಸರಿಗೆ ಮದುವೆಯ ದಾಖಲೆ ಅಥವಾ ಮಕ್ಕಳ ಜನನ ದಾಖಲೆ ನೋಡಬೇಕು.