ಔಟ್‌ಲುಕ್ ಕೇಳುತ್ತಿರುವ ಫೈಲ್ ಎಲ್ಲಿ ಹೋಯ್ತು?

ಪ್ರಶ್ನೆ: ನಮ್ಮದು ಚಿಕ್ಕ ಪ್ರಿಂಟಿಂಗ್ ಪ್ರೆಸ್. ಕಂಪ್ಯೂಟರ್ ತುಂಬಾ ನಿಧಾನ ಆಗಿತ್ತು ಅಂತ ಹೋದ ವಾರ ರಿಪೇರಿಗೆ ಕೊಟ್ಟು ಎಸ್‌ಎಸ್‌ಡಿ (ವೇಗದ ಹೊಸ ಡಿಸ್ಕ್) ಹಾಕಿಸಿದೆ, ಹಳೇ ಹಾರ್ಡ್ ಡಿಸ್ಕ್ ಕೂಡ ಒಳಗೇ ಇದೆ. ಈಗ ಮೇಲ್ ನೋಡುವ ಔಟ್‌ಲುಕ್ ತೆರೆದರೆ, ಡಿ ಡ್ರೈವ್‌ನಲ್ಲಿದ್ದ ಪಿಎಸ್‌ಟಿ ಫೈಲ್ (ಔಟ್‌ಲುಕ್ ಮೇಲ್ ಕೂಡಿಡುವ ಫೈಲ್) ಸಿಗುತ್ತಿಲ್ಲ ಅನ್ನುತ್ತದೆ. ಓಕೆ ಒತ್ತಿದರೆ ಫೈಲ್ ತೋರಿಸಿ ಅಂತ ಇನ್ನೊಂದು ಕಿಟಕಿ ಬರುತ್ತದೆ. ಬ್ರೌಸರ್‌ನಲ್ಲಿ ನೋಡಿದರೆ ಎರಡು ವಾರದ ಮೇಲ್ ಮಾತ್ರ ಇವೆ. 9 ವರ್ಷದ ಆರ್ಡರ್, ಪ್ರೂಫ್ ಎಲ್ಲ ಹೋದವೇ?

ಉತ್ತರ: ಗಾಬರಿ ಬೇಡ, ಮೇಲ್ ಬಹುಶಃ ಅಲ್ಲೇ ಇವೆ. ಆದರೆ ಆ ಎರಡನೇ ಕಿಟಕಿಯಲ್ಲಿ ಸುಮ್ನೆ ಏನೋ ಒಂದು ಹೆಸರು ಕೊಟ್ಟು ಓಪನ್ ಒತ್ತಬೇಡಿ, ಕ್ಯಾನ್ಸಲ್ ಮಾಡಿ. ಹೊಸ ಹೆಸರು ಕೊಟ್ಟರೆ ಔಟ್‌ಲುಕ್ ಖಾಲಿ ಫೈಲ್ ಮಾಡಿಕೊಳ್ಳುತ್ತದೆ, ಮುಂದೆ ಬರುವ ಮೇಲ್ ಅದಕ್ಕೇ ಹೋಗಿ ಬೀಳುತ್ತವೆ, ಆಮೇಲೆ ಹಳೆಯದು ಒಂದು ಕಡೆ ಹೊಸದು ಒಂದು ಕಡೆ ಆಗಿ ಕೂರುತ್ತದೆ.

ಎರಡು ವಾರ ಅಂದಿರಲ್ಲ, ಅದೇ ಸುಳಿವು. ನಿಮ್ಮದು ಪಿಒಪಿ ಖಾತೆ, ಅಂದರೆ ಮೇಲ್‌ಗಳನ್ನು ಸರ್ವರ್‌ನಿಂದ ಕಂಪ್ಯೂಟರ್‌ಗೆ ಇಳಿಸಿಕೊಳ್ಳುವ ಬಗೆಯದು ಇರಬೇಕು. ಅದರಲ್ಲಿ ಔಟ್‌ಲುಕ್ ಮೇಲ್‌ಗಳನ್ನು ಇಳಿಸಿಕೊಂಡು, ಸಾಮಾನ್ಯವಾಗಿ 14 ದಿನ ಆದ ಮೇಲೆ ಸರ್ವರ್‌ನಿಂದ ತೆಗೆದುಬಿಡುತ್ತದೆ. ಅಂದರೆ ಹಳೇ ಮೇಲ್‌ಗೆ ಆ ಪಿಎಸ್‌ಟಿ ಬಿಟ್ಟರೆ ಬೇರೆ ಪ್ರತಿಯೇ ಇಲ್ಲ. ದಯವಿಟ್ಟು ಹಳೇ ಡಿಸ್ಕನ್ನು ಯಾರಿಗೂ ಫಾರ್ಮ್ಯಾಟ್ ಮಾಡಲು ಬಿಡಬೇಡಿ.

ಹೊಸ ಡಿಸ್ಕ್ ಸೇರಿದಾಗ ಹಳೆಯದರ ಡ್ರೈವ್ ಅಕ್ಷರ ಡಿ ಇಂದ ಇ ಅಥವಾ ಬೇರೇನೋ ಆಗಿರಬಹುದು. ಔಟ್‌ಲುಕ್ ಮಾತ್ರ ಡಿ ಬಾಗಿಲನ್ನೇ ತಟ್ಟುತ್ತಿದೆ. ಔಟ್‌ಲುಕ್ ಮುಚ್ಚಿ, ದಿಸ್ ಪಿಸಿ ತೆರೆದು, ಹುಡುಕುವ ಜಾಗದಲ್ಲಿ ಇಂಗ್ಲಿಷಿನಲ್ಲಿ .pst ಎಂದು ಹಾಕಿ. ಸಿಕ್ಕಿದ ತಕ್ಷಣ ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ. ಪೆನ್‌ಡ್ರೈವ್ ಫ್ಯಾಟ್32 ಎಂಬ ಹಳೇ ಬಗೆಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ, ಜಾಗ ಎಷ್ಟೇ ಖಾಲಿ ಇದ್ದರೂ!

ಕಾಪಿ ಆದ ಮೇಲೆ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ, ಆ ಡ್ರೈವ್‌ಗೆ ಮತ್ತೆ ಡಿ ಅಕ್ಷರ ಕೊಡಿ. ಡಿ ಈಗ ಡಿವಿಡಿ ಡ್ರೈವ್‌ಗೆ ಹೋಗಿದ್ದರೆ ಮೊದಲು ಅದಕ್ಕೆ ಬೇರೆ ಅಕ್ಷರ ಕೊಡಬೇಕು. ಅಕ್ಷರ ಬದಲಿಸುವ ಆಯ್ಕೆ ಬಿಟ್ಟು ಅಲ್ಲಿ ಬೇರೇನೂ ಮುಟ್ಟಬೇಡಿ. ಇಷ್ಟಕ್ಕೇ ಹೆಚ್ಚಿನ ಸಲ ಎಲ್ಲ ಮೊದಲಿನಂತೆ ತೆರೆಯುತ್ತದೆ. ಅಕ್ಷರ ಬದಲಿಸಲು ಧೈರ್ಯ ಬರದಿದ್ದರೆ ಕಂಟ್ರೋಲ್ ಪ್ಯಾನೆಲ್‌ನ ಮೇಲ್ ಐಕಾನ್ ಒಳಗೆ ಡೇಟಾ ಫೈಲ್ಸ್‌ನಲ್ಲಿ ಫೈಲನ್ನು ಸೇರಿಸಿ ಡಿಫಾಲ್ಟ್ ಮಾಡಿ, ಜೊತೆಗೆ ಇ-ಮೇಲ್ ಟ್ಯಾಬ್‌ನಲ್ಲಿ ಚೇಂಜ್ ಫೋಲ್ಡರ್ ಒತ್ತಿ ಅದರ ಇನ್‌ಬಾಕ್ಸನ್ನೇ ಆರಿಸಿ. ಈ ಕೊನೆಯ ಹೆಜ್ಜೆ ತುಂಬಾ ಜನ ಮರೆಯುತ್ತಾರೆ.

ಫೈಲ್ ಸಿಕ್ಕಿಯೂ ತೆರೆಯದಿದ್ದರೆ ಆಫೀಸ್ ಜೊತೆಗೇ ಬರುವ, ಪಿಎಸ್‌ಟಿ ಸರಿಪಡಿಸುವ ಸ್ಕ್ಯಾನ್‌ಪಿಎಸ್‌ಟಿಯನ್ನು ಕಾಪಿಯ ಮೇಲೆ ಓಡಿಸಿ ನೋಡಿ, ಅಸಲಿನ ಮೇಲೆ ಬೇಡ.

ಪ್ರಶ್ನೆ: ನನ್ನ ಕಚೇರಿ ಲ್ಯಾಪ್‌ಟಾಪ್‌ನಲ್ಲಿ ಇದೇ ಥರ ಒಎಸ್‌ಟಿ ಫೈಲ್ ಕಾಣೆಯಾಗಿದೆ. ನಾನೂ ಹೀಗೇ ಹುಡುಕಬೇಕಾ?

ಉತ್ತರ: ಬೇಡ. ಒಎಸ್‌ಟಿ ಅನ್ನುವುದು ಸರ್ವರ್‌ನಲ್ಲಿರುವ ಮೇಲ್‌ನ ನಕಲು. ಖಾತೆಯನ್ನು ಮತ್ತೆ ಸೇರಿಸಿದರೆ ಔಟ್‌ಲುಕ್ ಅದನ್ನು ತಾನೇ ಕಟ್ಟಿಕೊಳ್ಳುತ್ತದೆ. ಮೊದಲು ಬ್ರೌಸರ್‌ನಲ್ಲಿ ಒಳಹೊಕ್ಕು ಹಳೇ ಮೇಲ್ ಎಲ್ಲ ಇವೆಯಾ ಅಂತ ನೋಡಿಕೊಳ್ಳಿ.