ನಾಲ್ಕು ಅಡಿಗೇ ಬಂಡೆ ಸಿಕ್ಕಿದರೆ ಅರ್ಥಿಂಗ್ ಎಲ್ಲಿ ಹಾಕುವುದು?

ಮಡಿಕೇರಿ ಹತ್ತಿರ ಹೊಸ ಮನೆ, ನಾಲ್ಕು ಅಡಿಗೇ ಬಂಡೆ ಸಿಕ್ಕಿದೆ, ಅರ್ಥಿಂಗ್ ಪೈಪ್ ಕತ್ತರಿಸಿ ಅಷ್ಟಕ್ಕೇ ಹೂಳಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಕತ್ತರಿಸಬೇಡಿ. ಮೇಲಿನ ಮಣ್ಣು ಮಳೆಗಾಲದಲ್ಲಿ ಒದ್ದೆ ಇರುತ್ತದೆ ಸರಿ, ಆದರೆ ಮಾರ್ಚ್ ಹೊತ್ತಿಗೆ ಒಣಗಿ ಬಿರುಕು ಬಿಡುತ್ತದೆ, ಆಗ ಅರ್ಥಿಂಗ್ ಇದ್ದೂ ಇಲ್ಲದ ಹಾಗೆ. ಗೋಡೆಯಿಂದ ಕನಿಷ್ಠ 1.5 ಮೀಟರ್ ಆಚೆ, ತೋಟದ ಇಳಿಜಾರಿನ ಕೆಳಗೆ, ಬೇಸಿಗೆಯಲ್ಲೂ ತೇವ ಇರುವ ಕಡೆ ಅಗೆದು ನೋಡಿ, 2.5 ಮೀಟರ್ ಪೈಪ್ ಪೂರ್ತಿ ಇಳಿಯಬೇಕು. ಅಲ್ಲೂ ಬಂಡೆಯೇ ಆದರೆ ಉದ್ದಕ್ಕೆ ಚರಂಡಿ ತೋಡಿ, ಜಿಐ (ಸತು ಲೇಪಿಸಿದ ಕಬ್ಬಿಣ) ಪಟ್ಟಿಯನ್ನು ಅರ್ಧ ಮೀಟರ್‌ಗಿಂತ ಆಳದಲ್ಲಿ ಮಲಗಿಸಿ ಹೂಳಿ. ತೇವ ನಿಲ್ಲಲಿ ಅಂತ ಗುಂಡಿಗೆ ಉಪ್ಪು ಜಾಸ್ತಿ ಸುರಿದರೆ ಪೈಪ್ ಬೇಗ ತುಕ್ಕು ಹಿಡಿಯುತ್ತದೆ, ತೇವ ಹಿಡಿದಿಡುವ ಬೆಂಟೊನೈಟ್ ಜೇಡಿಮಣ್ಣು ವಾಸಿ. ಅರ್ಥಿಂಗ್‌ನ ರೋಧದ (ರೆಸಿಸ್ಟೆನ್ಸ್) ಅಳತೆಯನ್ನು ಮಳೆಯಲ್ಲಿ ಸುಮ್ನೆ ಮಾಡಿಸಬೇಡಿ, ಬೇಸಿಗೆಯಲ್ಲೇ ಮಾಡಿಸಿ. 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸದೆ ಮಾತ್ರ ಗೀಸರ್ ಬಳಸಬೇಡಿ.