‘ಅನ್‌ಕೂತ್’ ಇದ್ದರೆ ‘ಕೂತ್’ ಕೂಡ ಇರಬೇಕಲ್ವಾ?

ಪ್ರಶ್ನೆ: ಒರಟಾಗಿ ನಡೆದುಕೊಳ್ಳುವವರನ್ನು ಇಂಗ್ಲಿಷ್‌ನಲ್ಲಿ ‘ಅನ್‌ಕೂತ್’ ಅಂತಾರೆ. ಹಾಗಾದರೆ ಒಳ್ಳೆ ನಡತೆಯವರು ‘ಕೂತ್’ ತಾನೇ? ಆಫೀಸಿನ ಮೇಲ್‌ನಲ್ಲಿ ಹಾಗೆ ಬರೆದೆ, ಎಲ್ಲರೂ ನಕ್ಕರು. ಅಂಥ ಪದವೇ ಇಲ್ಲವಾ?

ಉತ್ತರ: ಪದ ಇದೆ. ನಕ್ಕವರಿಗೂ ಕಾರಣ ಇದೆ.

ಸಾವಿರ ವರ್ಷದ ಹಿಂದಿನ ಇಂಗ್ಲಿಷ್‌ನಲ್ಲಿ ‘ಕೂತ್’ ಅಂದರೆ ಗೊತ್ತಿರುವ, ಪರಿಚಯದ ಅಂತಷ್ಟೇ ಅರ್ಥ. ನಡತೆಯ ಮಾತೇ ಇಲ್ಲ. ತಿಳಿ, ಅರಿ ಎನ್ನುವ ಅರ್ಥದ ‘ಕುನ್ನನ್’ ಕ್ರಿಯಾಪದದಿಂದ ಬಂದ ರೂಪ ಅದು. ಇವತ್ತಿನ ‘ಕ್ಯಾನ್’ ಹುಟ್ಟಿದ್ದೂ ಅಲ್ಲೇ. ತಿಳಿಯುವುದಕ್ಕೂ ಮಾಡಲಾಗುವುದಕ್ಕೂ ಏನು ನಂಟು ಅಂತೀರಾ? ‘ಅವನನ್ನು ಬಲ್ಲೆ’, ‘ಈಜಬಲ್ಲೆ’ ಎರಡಕ್ಕೂ ನಾವು ಒಂದೇ ‘ಬಲ್ಲೆ’ ಬಳಸುತ್ತೇವಲ್ಲ! ಬಂಧುಮಿತ್ರರು ಅನ್ನುವ ಅರ್ಥದ ‘ಕಿತ್ ಆ್ಯಂಡ್ ಕಿನ್’ನಲ್ಲಿರುವ ‘ಕಿತ್’ ಕೂಡ ಇದೇ ಬಳಗದ್ದು. ಗುರುತಿನ ಜನ ಅಂತ.

ಹಾಗಾಗಿ ‘ಅನ್‌ಕೂತ್’ ಮೊದಲು ಬೈಗುಳವೇ ಅಲ್ಲ, ಗೊತ್ತಿಲ್ಲದ್ದು ಅಷ್ಟೆ. ಗೊತ್ತಿಲ್ಲದ್ದು ಬರ್ತಾ ಬರ್ತಾ ವಿಚಿತ್ರ ಅನಿಸಿತು, ಆಮೇಲೆ ಒಡ್ಡೊಡ್ಡು, ಕೊನೆಗೆ ಮ್ಯಾನರ್ಸ್ ಇಲ್ಲದ್ದು. ಇಂಗ್ಲಿಷ್ ಕವಿ ಮಿಲ್ಟನ್ 1637ರಲ್ಲಿ ಬರೆದ ‘ಲಿಸಿಡಸ್’ ಶೋಕಗೀತೆಯ ಕೊನೆಯಲ್ಲಿ, ಅಷ್ಟೂ ಹೊತ್ತು ಹಾಡಿದ ಕುರುಬನನ್ನು ‘ಅನ್‌ಕೂತ್ ಸ್ವೇನ್’ ಎಂದು ಕರೆಯುತ್ತಾನೆ. ಇವತ್ತಿನ ಅರ್ಥ ಹಿಡಿದು ಓದಿದರೆ, ಚಂದ ಹಾಡಿದವನಿಗೇ ಕವಿ ಬೈದ ಹಾಗೆ ಕಾಣುತ್ತೆ. ಅಲ್ಲಿರುವುದು ‘ಯಾರಿಗೂ ಗೊತ್ತಿಲ್ಲದ ಹುಡುಗ’ ಅನ್ನುವ ಮಾತು. ಹಳ್ಳಿಗಾಡಿನವನು ಅನ್ನುವ ಛಾಯೆಯೂ ಸ್ವಲ್ಪ ಇದೆ ಅನ್ನಿ. ಸ್ಕಾಟ್ಲೆಂಡಿನ ಕಡೆ ಇದೇ ಪದ ಸವೆದು ‘ಅಂಕೊ’ ಆಯಿತು. ‘ವಿಚಿತ್ರ’ದಿಂದ ಜಾರಿ ‘ತುಂಬಾ’ ಅನ್ನುವ ಅರ್ಥಕ್ಕೂ ಬಂತು. ನಾವು ‘ಭಯಂಕರ ಚೆನ್ನಾಗಿದೆ’ ಅಂತೀವಲ್ಲ, ಹಾಗೆ.

ಈ ನಡುವೆ ‘ಕೂತ್’ ಬಳಕೆ ತಪ್ಪಿಹೋಗಿತ್ತು. 1896ರಲ್ಲಿ ಮ್ಯಾಕ್ಸ್ ಬೀರ್‌ಬೋಮ್ ಎಂಬ ಹಾಸ್ಯಬರಹಗಾರ ‘ಅನ್‌ಕೂತ್’ನ ತಲೆ ಕತ್ತರಿಸಿ, ನಯನಾಜೂಕಿನ ಅನ್ನುವ ಅರ್ಥದಲ್ಲಿ ತಮಾಷೆಗೆ ‘ಕೂತ್’ ಅಂದ. ಈಗ ಅಪರೂಪಕ್ಕೆ ಕಾಣುವ ‘ಕೂತ್’ ಇದೇ. ಹಳೆಯದರ ಅರ್ಥ ಇದಕ್ಕಿಲ್ಲ. ಹುಟ್ಟಿದ್ದೇ ಜೋಕಾಗಿ ಅಲ್ವಾ, ಓದಿದವರಿಗೆ ಇಂದಿಗೂ ನಗು ಬರುತ್ತೆ. ಗೆಳೆಯರ ಜೊತೆ ಧಾರಾಳವಾಗಿ ಬಳಸಿ. ಮೇಲ್‌ಗೆ ‘ಪೊಲೈಟ್’ ಸಾಕು.